ತುಂಬಿದವನು ಒಳಗೆ ಬರಬಾರದು

ಅಕ್ಕನ ಎಡಗೈಯಿಂದ ಅಂಗಿಯ ಕಾಲರು ಜಾರಿ ತೊಡೆಯ ಮೇಲೆ ಬಿದ್ದದ್ದನ್ನು ಪರೀಕ್ಷಕ ನೋಡಿದ. ಅವಳು ಎತ್ತಿಕೊಂಡಳು, ಮತ್ತೆ ಜಾರಿತು. ಮೂರನೆಯ ಸಲ ಎತ್ತಿಕೊಳ್ಳುವ ಬದಲು ಆ ಕೈಯನ್ನೇ ಯಾರೋ ಮರೆತುಹೋದ ಸಾಮಾನಿನ ಹಾಗೆ ಒಂದು ಗಳಿಗೆ ದಿಟ್ಟಿಸಿ, ಬಲಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ನೀವಿ, ಸೂಜಿಯನ್ನು ಪುಟ್ಟ ದಿಂಬಿಗೆ ಚುಚ್ಚಿಟ್ಟಳು. ಬೆಳಿಗ್ಗೆ ಏಳು ಗಂಟೆ. ಕಿಟಕಿಯ ಬಳಿ ಅವಳ ಕುರ್ಚಿ. ಪಕ್ಕದ ಇನ್ನೊಂದು ಕುರ್ಚಿಯ ಮೇಲೆ ಗುಂಡಿಯ ಕಾಜಾ ಹಾಕುವುದಕ್ಕೆಂದು ದರ್ಜಿ ಅಂಗಡಿಯಿಂದ ಬಂದ ಅಂಗಿಗಳ ರಾಶಿ, ಈಚೆಗೆ ಯಾಕೋ ಬೆಳೆಯುತ್ತಲೇ ಇದ್ದ ರಾಶಿ. ಮೇಜಿನ ಈಚೆ ಬದಿಯಲ್ಲಿ ಪರೀಕ್ಷಕ ಚಹಾದಲ್ಲಿ ಬ್ರೆಡ್ಡು ಅದ್ದಿ ಹಾಗೇ ಹಿಡಿದುಕೊಂಡಿದ್ದ. ಅದು ಮೆತ್ತಗಾಗಿ ಮುರಿದು ಲೋಟದೊಳಗೆ ಬಿತ್ತು.

"ಜೋಮು ಹಿಡಿದಿದೆ," ಎಂದಳು ಅಕ್ಕ. "ಅದರ ಮೇಲೇ ಮಲಗಿಬಿಟ್ಟಿದ್ದೆ ಅನ್ಸುತ್ತೆ."

"ಹೂಂ," ಎಂದ.

ಹೂಂ ಎಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಹನ್ನೊಂದು ವಾರದಿಂದ ಅವಳು ಬಿ.ಪಿ. ಮಾತ್ರೆ ನುಂಗಿಲ್ಲ. ಮಾತ್ರೆಯ ಡಬ್ಬಿ ದಾರದ ಉಂಡೆಗಳ ಹಿಂದಕ್ಕೆ ಸರಿದು ಧೂಳು ಹಿಡಿದಿದೆ. ಅದಿದ್ದ ಜಾಗದಲ್ಲಿ ನೀರಜ್ಜ ಮುಟ್ಟಿಕೊಟ್ಟ ನೀರಿನ ಆರು ಬಾಟಲಿಗಳು ಸಾಲಾಗಿ ನಿಂತಿವೆ, ದಿನಕ್ಕೆ ಮೂರು ಹೊತ್ತು ಒಂದೊಂದು ಲೋಟ. ಅಕ್ಕ ಸುಲಭಕ್ಕೆ ಮರುಳಾಗುವ ಹೆಂಗಸಲ್ಲ. ಊರಿಗೆ ಊರೇ ನೀರಜ್ಜನ ಬಾಗಿಲಲ್ಲಿ ಸಾಲು ನಿಂತಾಗ, ತಾನು ಅಂಗೈ ಇಟ್ಟ ನೀರು ಕುಡಿದರೆ ಯಾವ ಕಾಯಿಲೆಯಾದರೂ ಇಳಿಯುತ್ತದೆ ಎಂದು ಆ ಮುದುಕ ಹೇಳುತ್ತಾನೆಂದು ಕೇಳಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವಳು ಅವಳೇ. ಆಮೇಲೆ ಆ ಶನಿವಾರ ಸಂಜೆ ರಂಗಮಂದಿರದಲ್ಲಿ ನೀರಜ್ಜನ ಪರೀಕ್ಷೆ ಆಯಿತು. ಮಾರನೆಯ ದಿನ ಬೆಳಿಗ್ಗೆ ಅಕ್ಕ ನೀರಜ್ಜನ ಸಾಲಿನಲ್ಲಿ ನಿಂತಿದ್ದಳು. 'ನೀರು ಬೇಕಾದ್ರೆ ಕುಡಿ, ಮಾತ್ರೆ ಬಿಡಬೇಡ,' ಎಂದು ಅವನು ಒಂದು ಸಲ, ಒಂದೇ ಸಲ, ಗೋಡೆಗೆ ಹೇಳುವಂತೆ ಹೇಳಿದ್ದುಂಟು. 'ಎರಡೂ ಒಟ್ಟಿಗೆ ತಗೊಂಡ್ರೆ ಯಾವುದರಿಂದ ಗುಣ ಆಯ್ತು ಅಂತ ಹೇಗೆ ಗೊತ್ತಾಗುತ್ತೋ? ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅಂತ ಅವರೇ ಹೇಳಿದ್ದಲ್ವಾ,' ಎಂದು ಅವಳು ಸಮಾಧಾನವಾಗಿ ಉತ್ತರ ಕೊಟ್ಟಿದ್ದಳು. ಅವರು ಎಂದರೆ ಈ ಮನೆಯಲ್ಲಿ ಒಬ್ಬರೇ, ರಂಗಮಂದಿರದ ನಟ.

ಅವನು ಕೆಲಸಕ್ಕೆ ಹೊರಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.

ಹಾಲಿನ ಡೈರಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುವುದೇ ಕೆಲಸವಾದ್ದರಿಂದ ಅಲ್ಲಿಯೂ ಬೀದಿಯಲ್ಲಿಯೂ ಅವನಿಗೆ ಪರೀಕ್ಷಕ ಎಂಬುದೇ ಹೆಸರಾಗಿತ್ತು. ಐವತ್ತೊಂದರ ಈ ಮನುಷ್ಯನಿಗೆ ಮದುವೆಯೂ ಇಲ್ಲ, ಬೇರೆ ಚಟವೂ ಇಲ್ಲ. ಕ್ಯಾನಿನಿಂದ ಒಂದು ಸೌಟು ಹಾಲು, ಗಾಜಿನ ಜಾಡಿ, ಅದರಲ್ಲಿ ತೇಲುವ ಗಾಜಿನ ಬುರುಡೆಯ ಅಳತೆಕೋಲು. ಅದು ಎಷ್ಟು ಮುಳುಗಿತು ಎಂದು ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದಬೇಕು. ಮೇಲಿನಿಂದ ನೋಡಿದರೆ ಒಂದು ಗೆರೆ ಹೆಚ್ಚು ಕಾಣುತ್ತದೆ, ಕೆಳಗಿನಿಂದ ನೋಡಿದರೆ ಒಂದು ಗೆರೆ ಕಡಿಮೆ. ಹೊಸಬರಿಗೆಲ್ಲ ಅವನು ಹೇಳಿಕೊಡುವ ಮೊದಲ ಪಾಠ ಇದೇ: ಬಗ್ಗಬೇಕು, ಸೊಂಟ ನೋಯಬೇಕು, ಆಗಲೇ ಸರಿಯಾದ ಅಂಕಿ. ಇವತ್ತು ಮೂರನೆಯ ಕ್ಯಾನಿಗೆ ಬಗ್ಗಿದಾಗ ಅಂಕಿಯ ಜಾಗದಲ್ಲಿ ಬೆರಳುಗಳು ಕಂಡವು, ಬಲಗೈ ನೀವುತ್ತಿದ್ದ ಎಡಗೈ ಬೆರಳುಗಳು. ಕಣ್ಣು ಉಜ್ಜಿಕೊಂಡು ಮತ್ತೆ ಓದಿ, "ನೀರು ಬೆರೆತಿದೆ, ಆಗೋದಿಲ್ಲ," ಎಂದ. ಹಾಲು ತಂದವನು ಡೈರಿಗೆ ಹಳಬ, ಬಾಯಾಳಿ. "ಇರಲಿ ಬಿಡಿ ಸಾರ್," ಎಂದ ಅವನು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ನೀರಿಗೆ ಎಂಥ ಶಕ್ತಿ ಇದೆ ಅಂತ ನಿಮ್ಮ ಕಡೆಯವರೇ ಒಪ್ಪಿಕೊಂಡು ಸೋತಿದ್ದಾರಲ್ಲ. ಇನ್ನು ನನ್ನ ಹಾಲಿಗೆ ರೇಟು ಜಾಸ್ತಿನೇ ಕೊಡಬೇಕು ನೀವು." ಸಾಲು ಗೊಳ್ಳೆಂದು ನಕ್ಕಿತು. ಪರೀಕ್ಷಕನೂ ನಗಲು ನೋಡಿದ. ತುಟಿ ಒಂದು ಕಡೆ ಮಾತ್ರ ಏಳುತ್ತಿದೆ ಎನಿಸಿ ಜಾಡಿ ತೊಳೆಯುವ ನೆಪದಲ್ಲಿ ತಿರುಗಿಕೊಂಡ.

ಇಂಥ ನಗೆಗಳನ್ನು ಹನ್ನೊಂದು ವಾರದಿಂದ ನಟ ಎಷ್ಟು ಕಡೆ ಎದುರಿಸಿರಬೇಕು. ಆ ನಟನನ್ನು ಅವನು ಮೊದಲು ನೋಡಿದ್ದು ಹದಿನಾಲ್ಕರ ಹರೆಯದಲ್ಲಿ, ಅಪ್ಪ ತೀರಿ ಎರಡು ತಿಂಗಳಾಗಿತ್ತು. ಅಮ್ಮ ಅದಕ್ಕೂ ಮೊದಲೇ ಇರಲಿಲ್ಲ. ಇಪ್ಪತ್ತೆರಡರ ಅಕ್ಕ ಒಂದು ಸಂಜೆ, 'ಏಳೋ, ಮುಖ ತೊಳಿ,' ಎಂದು ಕೈಹಿಡಿದು ಎಳೆದುಕೊಂಡು ಹೋಗಿದ್ದಳು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುವ ಏಳು ಜನರ ನಾಟಕ, ಏಳೂ ಪಾತ್ರ ಆಡುವವನು ನಟನೊಬ್ಬನೇ. ಬಸ್ ಕಂಡಕ್ಟರ್, ಜಡ್ಜಮ್ಮ, ಹಲ್ಲೇ ಇಲ್ಲದಿದ್ದರೂ ಸಾಲಿನಲ್ಲಿ ಜಾಗ ಬಿಟ್ಟುಕೊಡದ ಅಜ್ಜಿ. ಟೋಪಿ ಬದಲಾಯಿಸುವಷ್ಟರಲ್ಲಿ ಮೂಳೆಗಳೇ ಬದಲಾಗುತ್ತಿದ್ದವು. ಅಕ್ಕ ಬಿಕ್ಕಳಿಕೆ ಬರುವಷ್ಟು ನಕ್ಕಳು. ಅವಳು ನಗುವುದನ್ನು ನೋಡಿ ಅವನಿಗೆ ಅಳು ಬಂತು, ಯಾಕೆಂದರೆ ಮನೆಯಲ್ಲಿ ಇನ್ನು ಯಾರೂ ನಗುವುದಿಲ್ಲ ಎಂದು ಅವನು ತಿಳಿದುಬಿಟ್ಟಿದ್ದ. ನಾಟಕ ಮುಗಿದ ಮೇಲೆ ನಟ ಬಣ್ಣ ಒರೆಸಿಕೊಂಡು, ತನ್ನದೇ ಸಣ್ಣ ಸಾದಾ ಮುಖದಲ್ಲಿ ಮತ್ತೆ ಬಂದ. ದೃಷ್ಟಿಯಿಂದಲೇ ಬೀಗದಕೈ ಬಗ್ಗಿಸುತ್ತೇನೆ ಎನ್ನುವವನೊಬ್ಬನನ್ನು ವೇದಿಕೆಗೆ ಕರೆದು, ಕುರ್ಚಿ ಕೊಟ್ಟು, ನೀರು ಕೊಟ್ಟು, ಗೇಲಿ ಮಾಡದೆ, 'ತೋರಿಸಿ, ನೋಡೋಣ,' ಎಂದ. ಆವತ್ತಿನಿಂದ ಅದು ಅವರ ಮನೆಮಾತು. ಹುಣಸೆಹಣ್ಣಿನಷ್ಟು ಹುಳಿ ಎಂದು ಕಿತ್ತಳೆಯ ಮೇಲೆ ದೂರು ಬಂದರೂ ಅಕ್ಕ, 'ತೋರಿಸು, ನೋಡೋಣ,' ಎನ್ನುವಳು. ಅವನು ಹಾಲಿನ ಪರೀಕ್ಷೆಗೆ ಬಂದು ಸೇರಿದ್ದೂ ಆ ಮಾತಿನ ಬೆನ್ನು ಹಿಡಿದೇ.

ಐದು ವರ್ಷದ ಹಿಂದೆ ಧೈರ್ಯ ಮಾಡಿ ನಟನಿಗೆ ಒಂದು ಕಾಗದ ಬರೆದಿದ್ದ: ನಿಮ್ಮ ಹೋದ ತಿಂಗಳ ಪರೀಕ್ಷೆಯಲ್ಲಿ ಲೋಟಗಳು ಒಂದೇ ಅಳತೆಯವಾಗಿರಲಿಲ್ಲ. ಮರುಟಪಾಲಿಗೆ ಉತ್ತರ ಬಂತು. 'ನೀವು ಹೇಳಿದ್ದು ಸರಿ. ನನ್ನ ತಪ್ಪು. ಮುಂದಿನ ಸಲ ನೀವೇ ಬಂದು ತುಂಬಿಕೊಡಿ.' ನನ್ನ ತಪ್ಪು ಎಂಬ ಎರಡು ಶಬ್ದಗಳನ್ನು ಅಷ್ಟು ಸಲೀಸಾಗಿ ಬರೆದ ಮನುಷ್ಯನನ್ನು ಅವನು ಅದುವರೆಗೆ ಕಂಡಿರಲಿಲ್ಲ. ಆ ಕಾಗದ ಈಗಲೂ ಅವನ ಪಾಕೀಟಿನಲ್ಲಿ ಮಡಿಕೆಯ ಗುಂಟ ಹರಿಯುತ್ತ ಇದೆ. ಅಲ್ಲಿಂದ ತಿಂಗಳಿಗೊಂದು ಶನಿವಾರ ನಟ ವೇದಿಕೆಯಲ್ಲಿ ನಡೆಸುವ ಪರೀಕ್ಷೆಗೆ ಬಾಟಲಿ ತುಂಬುವವನು ಅವನೇ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದ. ಮನೆಗೆ ಹೋಗುತ್ತಿದ್ದೇನೆ ಎಂದೇ ಹತ್ತಿದ. ಬಸ್ಸು ಮನೆಯ ಸ್ಟಾಪಿನಲ್ಲಿ ನಿಂತಿತು; ಕಂಬದ ಆಚೆಗೆ ಬೀದಿ, ಬೀದಿಯ ಮೂರನೆಯ ಮನೆಯ ಮಹಡಿಯಲ್ಲಿ ಅಕ್ಕನ ಕಿಟಕಿ, ಕಿಟಕಿಯಲ್ಲಿ ಬಾಟಲಿಗಳ ಸಾಲು ಬಿಸಿಲಿಗೆ ಮಿನುಗುತ್ತಿತ್ತು. ಇಳಿದು ಏನು ಹೇಳುವುದು? ನನ್ನಿಂದ ಪರೀಕ್ಷೆ ಕೆಟ್ಟಿತು ಎಂದರೆ, ತೋರಿಸು ಎನ್ನುತ್ತಾಳೆ. ಮೊದಲು ಅವರಿಗೆ ಹೇಳಬೇಕು. ಅವರು ವೇದಿಕೆಯ ಮೇಲೆ ಹೇಳುತ್ತಾರೆ. ಅವರು ಹೇಳಿದರೆ ಅಕ್ಕ ನಂಬುತ್ತಾಳೆ, ಊರೂ ನಂಬುತ್ತದೆ. ಇದೇ ಸರಿಯಾದ ಕ್ರಮ. ಕ್ರಮ ಎಂಬ ಮಾತು ಅವನಿಗೆ ಹಿತವಾಗಿ ಕೇಳಿಸಿತು. ಇಳಿಯುವವರು ಇಳಿದರು, ಬಾಗಿಲು ಮುಚ್ಚಿತು, ಅವನು ಕೂತೇ ಇದ್ದ.

ಆ ಶನಿವಾರ ಕೆಟ್ಟದ್ದು ಕ್ರಮದಲ್ಲೇ. ಬಾಟಲಿ ತುಂಬುವ ಕೋಣೆಯಿಂದ ವೇದಿಕೆಗೆ ಹೋಗುವ ಬಾಗಿಲಿಗೆ ನಟನೇ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು: ತುಂಬಿದವನು ಒಳಗೆ ಬರಬಾರದು. ನಾಣ್ಯ ಚಿಮ್ಮಿ, ಒಂದು ಮಗ್ಗುಲು ಬಿದ್ದರೆ ನೀರಜ್ಜ ಮುಟ್ಟಿದ ನೀರು, ಇನ್ನೊಂದು ಮಗ್ಗುಲು ಬಿದ್ದರೆ ನಲ್ಲಿಯ ನೀರು, ಹೀಗೆ ಹತ್ತು ಬಾಟಲಿ. ತುಂಬಿದವನು ಯಾವುದರಲ್ಲಿ ಯಾವುದೆಂದು ಪಟ್ಟಿ ಬರೆದು, ಲಕೋಟೆ ಅಂಟಿಸಿ, ಅಲ್ಲೇ ಕೂತಿರಬೇಕು. ಬಾಟಲಿಗಳನ್ನು ವೇದಿಕೆಗೆ ಒಯ್ಯುವುದು ಟಿಕೆಟ್ಟು ಹರಿಯುವ, ಯಾವುದು ಯಾವುದೆಂದು ಗೊತ್ತಿಲ್ಲದ ಟಿಕೆಟ್ಟಮ್ಮ. ಆವತ್ತು ಎರಡು ಕುರ್ಚಿಗೆ ಮೂವರು ಜಗಳಕ್ಕೆ ಬಿದ್ದು ಟಿಕೆಟ್ಟಮ್ಮ ಬಾಗಿಲಲ್ಲಿ ಸಿಕ್ಕಿಕೊಂಡಳು. ಜನ ಚಪ್ಪಾಳೆ ತಟ್ಟಿ ಗಲಾಟೆ ಶುರು ಮಾಡಿದರು. ವೇದಿಕೆ ಹತ್ತು ಹೆಜ್ಜೆ ದೂರ. ಇಪ್ಪತ್ತಾರು ವರ್ಷ ಯಾರ ಹಾಲಿಗೂ ದಾಕ್ಷಿಣ್ಯ ತೋರದ ನನ್ನ ಮುಖದಲ್ಲಿ ಏನು ತಾನೇ ಕಂಡೀತು ಎಂದುಕೊಂಡು ಪರೀಕ್ಷಕ ಬಾಟಲಿಗಳ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟ. ನಟ ಆಗ ಪರದೆಯ ಮುಂದೆ ನಿಂತು ಜನರನ್ನು ನಗಿಸುತ್ತಿದ್ದ, ನೋಡಲಿಲ್ಲ. ಇಟ್ಟವನು ಹೊರಗೆ ಬರಬೇಕಿತ್ತು. ದೀಪದ ಬೆಳಕಿನಲ್ಲಿ, ಸಾವಿರ ಕಣ್ಣುಗಳ ಎದುರು, ಅವನಿಗೆ ಬರುವ ಮನಸ್ಸಾಗಲಿಲ್ಲ. ಮೇಜಿನ ತುದಿಯಲ್ಲಿ ಸಹಾಯಕನ ಹಾಗೆ ನಿಂತೇಬಿಟ್ಟ. ಅಲ್ಲಿ ಯಾವಾಗಲೂ ಒಬ್ಬರು ನಿಲ್ಲುತ್ತಿದ್ದದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ; ನಟನ ಕಣ್ಣು ನೀರಜ್ಜನ ಅಂಗೈ ಬಿಟ್ಟು ಕದಲಲಿಲ್ಲ. ನೀರಜ್ಜ, ಬಿಳಿ ಅಂಗಿಯ ಬಡಕಲು ಮುದುಕ, ಒಂದೊಂದು ಬಾಟಲಿಯ ಮೇಲೂ ಅಂಗೈ ತೂಗಿಸಿ, ಕಣ್ಣು ಅರ್ಧ ಮುಚ್ಚಿ, ಇದು ನನ್ನದು, ಇದು ನನ್ನದಲ್ಲ ಎನ್ನುತ್ತ ಹೋದ. ಹತ್ತರಲ್ಲಿ ಒಂಬತ್ತು ಸರಿ.

ಸಭೆ ಎದ್ದು ನಿಂತು ಕೂಗಿದಾಗ ನಟ ಕೈಯೆತ್ತಿ ಸುಮ್ಮನಾಗಿಸಿದ. 'ಒಂಬತ್ತು ಬಂದ್ರೆ ಒಪ್ತೀನಿ ಅಂತ ಮೊದಲೇ ಹೇಳಿದ್ದೆ. ಬರೀ ಅದೃಷ್ಟದಿಂದ ಇಷ್ಟು ಬರೋದು ತೊಂಬತ್ತಮೂರು ಸಲಕ್ಕೆ ಒಂದು ಸಲ. ಇನ್ನೊಮ್ಮೆ ಮಾಡಿ ನೋಡಬೇಕು. ಆದ್ರೆ ಇವತ್ತು ಬಂದದ್ದನ್ನ ಬಂದಿಲ್ಲ ಅನ್ನೋ ಹಕ್ಕು ನನಗಿಲ್ಲ. ಇವತ್ತಿನ ಮಟ್ಟಿಗೆ ನಾನು ಸೋತೆ.' ಆಮೇಲೆ, ಈಗಷ್ಟೇ ಒಳಗೆ ಬಂದವನೆಂದು ತಿಳಿದು, ಪರೀಕ್ಷಕನ ಹೆಗಲ ಮೇಲೆ ಕೈಯಿಟ್ಟು, 'ಬಾಟಲಿ ತುಂಬಿದವರು ಇವರು. ಇವರ ಕೈಯಲ್ಲಿ ಒಂದು ಹನಿ ಹೆಚ್ಚುಕಡಿಮೆ ಆಗೋದಿಲ್ಲ,' ಎಂದ. ಆ ಕೈಯ ಭಾರ ಹೆಗಲ ಮೇಲಿರುವಾಗಲೇ ಟಿಕೆಟ್ಟಮ್ಮ ಹಾಳೆ ತಂದಳು: ತುಂಬಿದವನು ಪರೀಕ್ಷೆಯ ಹೊತ್ತಿನಲ್ಲಿ ಒಳಗೆ ಬಂದಿರಲಿಲ್ಲ. ಸಹಿ. ಹಾಕಿದ. ಮಾರನೆಯ ದಿನ ಪತ್ರಿಕೆಗಳು ಇನ್ನೊಮ್ಮೆ ಎಂಬುದನ್ನು ಬಿಟ್ಟು ಸೋತೆ ಎಂಬುದನ್ನು ಮಾತ್ರ ಅಚ್ಚು ಹಾಕಿದವು. ಒಮ್ಮೆ ತೋರಿಸಿದ್ದು ಸಾಕೆಂದು ನೀರಜ್ಜ ಮತ್ತೆ ಬರಲಿಲ್ಲ. ಜನ ನಟನನ್ನು ಆಡಿಕೊಂಡು ನಕ್ಕರು, ಇನ್ನು ಕೆಲವರು ಹಳೆಯ ಅಭಿಮಾನಿಗಳೇ ಬೈದು ಕಾಗದ ಬರೆದರು. ಅವನು ಎಲ್ಲರಿಗೂ, ಬಂದದ್ದು ಬಂದಿದೆ ಎಂದೇ ಉತ್ತರ ಕೊಟ್ಟ. ಆ ನಿಷ್ಠೆಯನ್ನು ಕಂಡು ಪರೀಕ್ಷಕನಿಗೆ ಅವನ ಮೇಲಿನ ಗೌರವ ದುಪ್ಪಟ್ಟಾಯಿತು, ಬಾಯಿ ತೆರೆಯುವ ಧೈರ್ಯ ಅರ್ಧವಾಯಿತು.

ರಂಗಮಂದಿರದ ಹಿಂಬಾಗಿಲಲ್ಲಿ ಟಿಕೆಟ್ಟಮ್ಮ ಕುರ್ಚಿಗಳ ಹರಿದ ಸೀಟು ಹೊಲಿಯುತ್ತಿದ್ದಳು. "ಒಳಗಿದ್ದಾರೆ, ಹೋಗಿ," ಎಂದಳು, ದಾರ ಕಚ್ಚಿಕೊಂಡೇ. ಬಣ್ಣದ ಕೋಣೆಯಲ್ಲಿ ಕನ್ನಡಿಯ ಸುತ್ತ ದೀಪ ಹತ್ತಿರಲಿಲ್ಲ. ಮರದ ತಲೆಗಳ ಮೇಲೆ ಜಡ್ಜಮ್ಮನ ಬೆಳ್ಳಿ ಕೂದಲು, ಕಂಡಕ್ಟರನ ಗುಂಗುರು. ನಟ ಬನಿಯನ್ನಿನಲ್ಲಿ ಕೂತು ಒಂದು ಮೀಸೆಗೆ ಅಂಟು ಸವರುತ್ತಿದ್ದ. ಅರವತ್ತೈದರ ಮುಖ ಹತ್ತಿರದಿಂದ ಎಷ್ಟು ಸಣ್ಣದಿತ್ತು. ಈ ಮುಖಕ್ಕೆ ತಾನು ಕೊಟ್ಟ ನೋವಿನ ಗುರುತು ಎಲ್ಲಾದರೂ ಇದೆಯೇ ಎಂದು ಪರೀಕ್ಷಕ ಹುಡುಕಿದ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಅದು ವಯಸ್ಸಿನದೂ ಇರಬಹುದು.

"ಆವತ್ತು ಬಾಟಲಿ ಒಳಗೆ ತಂದಿದ್ದು ನಾನು," ಎಂದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಗಿತ್ತು. "ತಂದು ಅಲ್ಲೇ ನಿಂತೆ. ಯಾವುದು ಯಾವುದು ಅಂತ ನನಗೆ ಗೊತ್ತಿತ್ತು. ಆಮೇಲೆ ಸುಳ್ಳು ಸಹಿ ಹಾಕಿದೆ."

ನಟ ಮೀಸೆಯನ್ನು ಮೇಜಿನ ಮೇಲೆ ಒಣಗಲಿಟ್ಟ. ಬೈಯುತ್ತಾನೆ ಎಂದು ಪರೀಕ್ಷಕ ಕಾದ. ಬೈದರೆ ಎಷ್ಟು ಹಗುರಾಗುತ್ತಿತ್ತು.

"ನೀವು ಒಳಗೆ ಬಂದಿರಿ ಅನ್ನೋದು ಒಂದು ವಿಷಯ," ಎಂದ ನಟ. "ಆ ಮುದುಕರಿಗೆ ಗೊತ್ತಾಗಿದ್ದು ನಿಮ್ಮಿಂದಲೇ ಅನ್ನೋದು ಇನ್ನೊಂದು. ಮೊದಲನೇದನ್ನ ಒಪ್ಪಿಕೊಂಡಿದ್ದೀರಿ. ಎರಡನೇದು ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ತೋರಿಸಿ, ನೋಡೋಣ."

ಟಿಕೆಟ್ಟಮ್ಮ ಹತ್ತು ಚಹಾ ಲೋಟ ತಂದುಕೊಟ್ಟಳು. ನಟ ಹೊರಗೆ ಹೋಗಿ ಬಾಗಿಲು ಹಾಕಿಕೊಂಡ. ಪರೀಕ್ಷಕ ನಾಣ್ಯ ಚಿಮ್ಮಿದ, ಬಿದ್ದ ಮಗ್ಗುಲಿನ ಪ್ರಕಾರ ಕೆಲವಕ್ಕೆ ಉಪ್ಪು ಕದಡಿ, ಕೆಲವನ್ನು ಬರಿ ನೀರಿಗೇ ಬಿಟ್ಟ, ಪಟ್ಟಿ ಬರೆದು ಜೇಬಿಗೆ ಹಾಕಿಕೊಂಡ. ಕೈ ತಾನಾಗಿ ಸ್ಥಿರವಾಯಿತು. ಎಲ್ಲ ಲೋಟಗಳೂ ಒಂದೇ ಮಟ್ಟಕ್ಕೆ ಬರಬೇಕೆಂದು ಬಗ್ಗಿ ನೋಡಿದ, ಒಂದರಿಂದ ಅರ್ಧ ಚಮಚ ತೆಗೆದ. ಇವರೊಂದಿಗೆ, ಇಬ್ಬರೇ, ಒಂದು ಪರೀಕ್ಷೆ. ಈ ಯೋಚನೆಯಲ್ಲಿ ಒಂದು ನಾಚಿಕೆಗೆಟ್ಟ ಸುಖ ಇತ್ತು, ಆ ಸುಖ ಅವನಿಗೆ ಗೊತ್ತೂ ಆಯಿತು, ಆದರೂ ಅವನು ಅದನ್ನು ಬಿಡಲಿಲ್ಲ. ಆ ಇಪ್ಪತ್ತು ನಿಮಿಷ ಅಕ್ಕನ ಕೈ ಅವನ ನೆನಪಿಗೆ ಬರಲೇ ಇಲ್ಲ.

ನಟ ಒಳಗೆ ಬಂದು ಮೇಜಿನ ಆಚೆ ನಿಂತ. ನಿಂತವನು ನೀರಜ್ಜನಾದ: ಹೆಗಲು ಇಳಿಯಿತು, ಕತ್ತು ಮುಂದೆ ಬಂತು, ರೆಪ್ಪೆ ಅರ್ಧ ಮುಚ್ಚಿತು. ಪರೀಕ್ಷಕನಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೊದಲ ಲೋಟ ತಪ್ಪು. ಎರಡನೆಯದು ಸರಿ. ಮೂರು ಸರಿ, ನಾಲ್ಕು ಸರಿ. ಆಮೇಲೆ ಅಂಗೈ ಸುಮ್ಮನೆ ತೂಗಾಡುತ್ತ ಹೋಯಿತು, ಉಪ್ಪು, ಸಪ್ಪೆ, ಸಪ್ಪೆ, ಉಪ್ಪು. ಪಟ್ಟಿ ತೆಗೆದು ನೋಡಿದರೆ ಹತ್ತರಲ್ಲಿ ಒಂಬತ್ತು.

"ಉಸಿರು," ಎಂದ ನಟ, ಮುದುಕನ ಮೈಯಿಂದ ತನ್ನ ಮೈಗೆ ಮರಳುತ್ತ. "ಮುಖ ಕಲ್ಲಿನ ಹಾಗೆ ಇಟ್ಕೊಂಡಿದ್ದೀರಿ, ಅದರಲ್ಲಿ ಏನೂ ಇಲ್ಲ. ಆದ್ರೆ ಕೈ ಉಪ್ಪಿನ ಲೋಟದ ಮೇಲೆ ಬಂದ್ರೆ ನೀವು ಉಸಿರು ಹಿಡೀತೀರಿ. ಕತ್ತಿನ ಹತ್ತಿರ ಒಂದು ಗುಳಿ ಬೀಳುತ್ತೆ. ಮುದುಕರಿಗೂ ಪಾಪ ಇದು ಗೊತ್ತಿರಲಿಕ್ಕಿಲ್ಲ. ಅಂಗೈಗೇ ತಿಳಿಯಿತು ಅಂದ್ಕೊಂಡಿರ್ತಾರೆ." ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಬರೋ ಶನಿವಾರ ಹೇಳ್ತೀನಿ. ಬಾಗಿಲಿಗೆ ಚೀಟಿ ಅಂಟಿಸಿದೆ, ಬಾಗಿಲು ಕಾಯೋಕೆ ಯಾರನ್ನೂ ಇಡಲಿಲ್ಲ. ನನ್ನ ತಪ್ಪು."

ಮತ್ತೆ ಅದೇ ಎರಡು ಶಬ್ದ. ಪರೀಕ್ಷಕನ ಕಣ್ಣು ತುಂಬಿತು. ಕ್ಷಮಿಸಿಬಿಟ್ಟರು ಎನಿಸಿತು, ಬಾಗಿಲು ದಾಟಿದರೆ ಬಿಸಿಲು, ಹಗುರ, ಹಿಂದಿನ ಹಾಗೆಯೇ ಎಲ್ಲ. ನಟ ಮಾತ್ರ ಲೋಟಗಳನ್ನು ನೋಡುತ್ತ ಕೂತಿದ್ದ.

"ಹನ್ನೊಂದು ವಾರ," ಎಂದ. "ನನ್ನ ಮಾತು ಕೇಳಿ ಯಾರಾದ್ರೂ ಔಷಧಿ ಬಿಟ್ಟಿದ್ರೆ? ರಾತ್ರಿ ಅದೇ ಯೋಚನೆ. ನಿಮಗೆ ಹಾಗೆ ಬಿಟ್ಟವರು ಯಾರಾದ್ರೂ ಗೊತ್ತಾ?"

ಪರೀಕ್ಷಕ ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ನಟನ ಕಣ್ಣು ಅವನ ಕತ್ತಿನ ಮೇಲೆ ನಿಂತಿತು.

"ಯಾರು?"

"ಅಕ್ಕ."

"ಹೇಗಿದ್ದಾರೆ?"

"ಬೆಳಿಗ್ಗೆ ಕೈಯಿಂದ ಬಟ್ಟೆ ಜಾರ್ತಿತ್ತು. ಎಡಗೈ. ಜೋಮು ಅಂದಳು."

"ಬೆಳಿಗ್ಗೆ ಎಷ್ಟು ಹೊತ್ತಿಗೆ?"

"ಏಳಕ್ಕೆ."

ನಟ ಗೋಡೆಯ ಗಡಿಯಾರ ನೋಡಿದ. ಎರಡೂವರೆ ದಾಟಿತ್ತು. ಮೂವತ್ತೇಳು ವರ್ಷದಲ್ಲಿ ಅವನ ನೂರು ಮುಖಗಳನ್ನು ಕಂಡಿದ್ದ ಪರೀಕ್ಷಕ ಆ ಒಂದು ಮುಖವನ್ನು ಮಾತ್ರ ಹಿಂದೆಂದೂ ಕಂಡಿರಲಿಲ್ಲ. ಅದರಲ್ಲಿ ನಟನೆ ಇರಲಿಲ್ಲ. ನಟ ಎದ್ದು ಫೋನು ಎತ್ತಿಕೊಂಡ. "ವಿಳಾಸ ಹೇಳಿ. ಆಂಬುಲೆನ್ಸಿಗೆ ಹೇಳ್ತೀನಿ. ನೀವು ಇಲ್ಲಿ ಯಾಕೆ ನಿಂತಿದ್ದೀರಿ, ಹೋಗಿ. ಓಡಿ."

ವಿಳಾಸ ಹೇಳಿ ಅವನು ಓಡಿದ. ಸಿಕ್ಕಿದ ಟ್ಯಾಕ್ಸಿ ಹತ್ತಿ, ಸಿಗ್ನಲ್ಲಿನಲ್ಲಿ ಅದು ನಿಂತಾಗ ಇಳಿದು ಮತ್ತೆ ಓಡಿದ. ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯವರ ರೇಡಿಯೋದಲ್ಲಿ ಯಾರೋ ತರಕಾರಿ ಬೆಲೆ ಓದುತ್ತಿದ್ದರು. ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಬಳಿ ಅದೇ ಕುರ್ಚಿಯಲ್ಲಿ ಹಾಗೇ ಕೂತಿದ್ದಳು. ಬೆಳಗಿನ ಅಂಗಿ ತೊಡೆಯ ಮೇಲೇ ಇತ್ತು. ಕಾಲರಿನಲ್ಲಿ ಸೂಜಿ ಅರ್ಧ ಹೊಕ್ಕು ನಿಂತಿತ್ತು.

"ಯಾಕೋ ಹೀಗೆ ಏದುಸಿರು?" ಎಂದಳು. ಮಾತಿನ ಕೊನೆ ಕೊಂಚ ತೊದಲಿತು, ಬಾಯಲ್ಲಿ ಗುಂಡಿ ಇಟ್ಟುಕೊಂಡು ಮಾತಾಡಿದ ಹಾಗೆ. ಅವಳ ಬಾಯಲ್ಲಿ ಗುಂಡಿ ಇರಲಿಲ್ಲ.

"ಡಾಕ್ಟರ ಗಾಡಿ ಬರ್ತಿದೆ ಅಕ್ಕ. ಆಸ್ಪತ್ರೆಗೆ ಹೋಗಬೇಕು." ಅವಳ ಮುಖ ನೋಡಿ ಉಳಿದದ್ದನ್ನು ಹೇಳಲಾಗದೆ ಕಿಟಕಿಯ ಕಡೆ ತಿರುಗಿ, ಬಾಟಲಿಗಳ ಸಾಲಿಗೆ ಹೇಳಿದ. ಒಯ್ದದ್ದು, ನಿಂತದ್ದು, ಸಹಿ, ಉಸಿರು, ಹತ್ತು ಲೋಟ, ಒಂಬತ್ತು. "ಈ ನೀರಿನಲ್ಲಿ ಏನೂ ಇಲ್ಲ. ನಲ್ಲಿ ನೀರು. ನನಗೆ ಆವತ್ತೇ ಅನುಮಾನ ಇತ್ತು."

"ಈ ತಿಂಗಳು ಅಂಗಡಿಯವರು ಹನ್ನೆರಡು ಅಂಗಿ ವಾಪಸ್ ಕಳಿಸಿದ್ದಾರೆ," ಎಂದಳು ಅಕ್ಕ ಹಿಂದಿನಿಂದ, ಒಂದೊಂದು ಶಬ್ದವನ್ನೂ ಎತ್ತಿ ಇಡುತ್ತ. "ಕಾಜಾ ಸೊಟ್ಟ ಬಂದಿದೆ ಅಂತ. ಆ ಕುರ್ಚಿ ಮೇಲೇ ಇವೆ. ಎಡಗೈ ಬಟ್ಟೆ ಬಿಗಿ ಹಿಡಿಯೋದಿಲ್ಲ. ನಿನ್ನ ಕಣ್ಣಿಗೆ ಬೀಳುತ್ತೆ, ಕೇಳ್ತೀಯ ಅಂದ್ಕೊಂಡಿದ್ದೆ." ಮತ್ತೆ, "ಅವರಿಗೆ ಹೇಳಿದೆಯಾ ಇದನ್ನೆಲ್ಲ?"

"ಹೇಳಿದೆ."

"ಯಾವಾಗ?"

"ಈಗ. ಅಲ್ಲಿಂದಲೇ ಬಂದೆ."

"ಬೆಳಿಗ್ಗೆ ನನ್ನ ಕೈ ನೋಡಿದೆ ನೀನು," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವವರ ತಾಳ್ಮೆ ಇತ್ತು. "ನೀನು ನೋಡಿದ್ದನ್ನ ನಾನೂ ನೋಡಿದೆ. ನೋಡಿ, ಮೊದಲು ಅವರ ಹತ್ತಿರ ಹೋದೆ."

ಕ್ರಮ ಎಂದುಕೊಂಡಿದ್ದ ಮಾತು ನಾಲಿಗೆಯ ಮೇಲೆ ಬಂದು ಅಲ್ಲೇ ಸತ್ತಿತು. ದೂರದಲ್ಲಿ ಗಾಡಿಯ ಕೂಗು ಕೇಳಿಸಿತು, ಬೀದಿಯ ತಿರುವಿನಲ್ಲಿ ಜೋರಾಯಿತು.

"ಇತ್ತ ತಿರುಗು," ಎಂದಳು ಅಕ್ಕ.

ತಿರುಗಿದ. ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ, ತೊಡೆಯ ಮೇಲಿನ ಅಂಗಿಯಿಂದ ಬಿಡಿಸಿ, ಮುಂದೆ ಚಾಚಿದಳು. ಅವನು ಮೊಣಕಾಲೂರಿ ಕೂತು ಅಂಗೈ ಒಡ್ಡಿದ. ಕೈ ಬಂದು ಅದರ ಮೇಲೆ ಬಿತ್ತು. ಬೆಚ್ಚಗಿತ್ತು, ತೋರುಬೆರಳಿನಲ್ಲಿ ಸೂಜಿಯ ಹಳೆಯ ಗಟ್ಟಿ ಗಂಟುಗಳಿದ್ದವು. ಹದಿನಾಲ್ಕರ ಹರೆಯದಲ್ಲಿ ಅವನನ್ನು ನಾಟಕಕ್ಕೆ ಎಳೆದೊಯ್ದ ಕೈ ಇದೇ.

"ನಾನು ಒತ್ತುತಾ ಇದ್ದೀನಿ," ಎಂದಳು. "ಜೋರಾಗಿ ಒತ್ತುತಾ ಇದ್ದೀನಿ. ಗೊತ್ತಾಗ್ತಿದೆಯಾ?"

ಅವನು ಕಾದ. ಮೆಟ್ಟಿಲ ಮೇಲೆ ಹೆಜ್ಜೆಗಳು ಬರುತ್ತಿದ್ದವು. ಅಂಗೈಯಲ್ಲಿ ಏನಾದರೂ, ಒಂದು ಬೆರಳಿನ ಅದಿರಾಟವಾದರೂ ತಿಳಿದೀತೆಂದು ಮೈಯೆಲ್ಲ ಅಲ್ಲಿಗೇ ತಂದು ಕಾದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ತಾನು ಉಸಿರು ಹಿಡಿದಿದ್ದೇನೆಂದು ಅವನಿಗೆ ಗೊತ್ತಾಯಿತು. ಹಿಡಿದದ್ದನ್ನು ಬಿಟ್ಟ.

"ಇಲ್ಲ ಅಕ್ಕ," ಎಂದ. "ಗೊತ್ತಾಗ್ತಿಲ್ಲ."